ಬೇಸಿಗೆಯ ರಜೆಯಲ್ಲಿ ಮಕ್ಕಳ ಆಟವಿಹಾರಗಳು ಮತ್ತು ಭೂಮಾಲೀಕರ ಹೊಣೆ

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಶಾಲೆಗಳು ಮುಚ್ಚಿದರೆ ಮೇ ತಿಂಗಳು ಮುಗಿಯುವವರೆಗೆ ಮಕ್ಕಳಿಗೆ ಬಿಡುವು. ಮಳೆಯನ್ನೇ ನಂಬಿದ ಸೀಮೆಯಲ್ಲಿ ರೈತನಿಗೂ ವರ್ಷದೊಳಗೆ ಕೊಂಚ ವಿರಾಮ ದೊರೆಯುವುದು ಈ ಕಾಲದಲ್ಲಿಯೇ. ಬೀಜ, ಗೊಬ್ಬರ, ಕೀಟಬಾಧೆಗಳ ವಿಷಯವಾಗಿ ಬರೆಯಬೇಕಾದ ಈ ಪುಟಗಳಲ್ಲಿ ಮಕ್ಕಳ ಆಟದ ಮಾತನ್ನು ವ್ಯವಸಾಯದ ಇಲಾಖೆಯವನೊಬ್ಬನು ಏಕೆ ಎತ್ತಬೇಕೆಂದು ವಾಚಕ ಮಹಾಶಯರು ಕೇಳಬಹುದು. ಹಳ್ಳಿಯ ಮಕ್ಕಳ ಆಟದ ನೆಲವು ಮಾಯವಾದುದು ವ್ಯವಸಾಯಕ್ರಮದ ಬದಲಾವಣೆಯಿಂದ. ಅವರ ಪ್ರಾಣಕ್ಕೆ ಎರವಾಗತಕ್ಕ ಹೊಸ ಹೊಂಡಗಳು ಬಂದುದೂ ವ್ಯವಸಾಯದ ಸುಧಾರಣೆಯಿಂದಲೇ. ಆದಕಾರಣ ಈ ವಿಷಯವು ನಮ್ಮದೇ ಹೊರತು ಶಾಲೆಯ ಉಪಾಧ್ಯಾಯರದು ಮಾತ್ರವಲ್ಲ.

ಹಿಂದೆ ಪ್ರತಿಯೊಂದು ಊರಿನ ಅಂಚಿನಲ್ಲಿಯೂ ಕಣಗಳಿರುತ್ತಿದ್ದುವು. ಸುಗ್ಗಿಗೆ ಮುಂಚೆ ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಗುಂಡು ಎಳೆಸಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟು ಅಣಿಮಾಡುತ್ತಿದ್ದರು. ಒಕ್ಕಣೆಯಾಗಿ ರಾಶಿಯು ಮನೆ ಸೇರಿದ ತರುವಾಯ, ಯುಗಾದಿಯ ಹೊತ್ತಿಗೆ, ಕಲ್ಲುಮುಳ್ಳುಗಳಿಲ್ಲದ ಆ ಸಮನೆಲವು ತಾನಾಗಿಯೇ ಮಕ್ಕಳ ವಶವಾಗುತ್ತಿತ್ತು. ಯಾರೂ ಅಪ್ಪಣೆ ಕೊಡಬೇಕಾಗಿರಲಿಲ್ಲ. ಯಾರೂ ತಡೆಯುತ್ತಲೂ ಇರಲಿಲ್ಲ. ಈಗ ಭತ್ತವನ್ನು ಕಟಾವಿನ ಯಂತ್ರವು ಗದ್ದೆಯಲ್ಲಿಯೇ ಬಡಿದು ಕೊಡುತ್ತದೆ. ರಾಗಿ ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳ ಚಕ್ರದಿಂದ ತುಳಿಸುತ್ತಾರೆ. (ಇದು ದಾರಿಹೋಕರಿಗೆ ಅಪಾಯಕರವಾದುದೆಂದೂ ಧಾನ್ಯದಲ್ಲಿ ಮರಳು ಸೇರುವುದೆಂದೂ ಎಷ್ಟು ಸಲ ಹೇಳಿದರೂ ಸಾಲದು, ಆ ಮಾತು ಬೇರೆ.) ಕಣಗಳನ್ನು ಕೆಲವರು ಉತ್ತು ಹೊಲದೊಳಗೆ ಸೇರಿಸಿಕೊಂಡರು, ಕೆಲವರು ನಿವೇಶನಗಳಾಗಿ ಮಾರಿದರು. ತಮ್ಮ ಭೂಮಿಯನ್ನು ತಾವು ಉಪಯೋಗಿಸಿಕೊಂಡುದರಲ್ಲಿ ಯಾರಿಗೂ ತಪ್ಪು ಹೊರಿಸಲಾಗದು. ಆದರೆ ಅದರೊಡನೆ ಊರಿನ ಮಕ್ಕಳಿಗಿದ್ದ ಏಕಮಾತ್ರ ಸಮನೆಲವೂ ಹೋಯಿತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಬಹಳ ಕಡಮೆ.

ಉಳಿದುದು ಕೆರೆಯಂಗಳ. ಬೇಸಿಗೆಯಲ್ಲಿ ನೀರು ಇಂಗಿದ ಕೆರೆಯಂಗಳಕ್ಕಿಂತ ವಿಶಾಲವಾದ ಬಯಲು ಯಾವ ಪಟ್ಟಣದಲ್ಲಿಯೂ ದೊರೆಯದು. ಆದರೆ ಹೂಳನ್ನೂ ಮರಳನ್ನೂ ಯಂತ್ರದಿಂದ ಬಗೆಬಗೆದು ತೆಗೆದ ಕಡೆಗಳಲ್ಲಿ ಅದು ಬಯಲಾಗಿ ಉಳಿಯದೆ ಗುಂಡಿಗಳ ಸಾಲಾಗಿದೆ. ಗೋಡು ಹೊಡೆಯುವುದು ಹೊಲಕ್ಕೆ ಉತ್ತಮವೇ ಸರಿ. ಹಾಗೆ ಹೊಡೆಯುವವರು ಒಂದೇ ಕಡೆ ಬಾವಿಯಂತೆ ತೋಡದೆ ಅಂಗಳದುದ್ದಕ್ಕೂ ಮೇಲುಪದರವನ್ನು ಸಮವಾಗಿ ತೆಗೆದರೆ ಕೆರೆಗೂ ಒಳ್ಳೆಯದು, ಮಕ್ಕಳಿಗೂ ಒಳ್ಳೆಯದು.

ಆದುದರಿಂದ ನನ್ನ ಸೂಚನೆಯು ಇಷ್ಟು. ಎರಡು ಎಕರೆಗೆ ಮೇಲ್ಪಟ್ಟು ಊರಿಗೆ ಹತ್ತಿರವಾದ ಜಮೀನುಳ್ಳ ಯಾರಾದರೊಬ್ಬರು, ಫಸಲು ತೆಗೆದ ನಂತರ ಮುಂಗಾರಿನ ಉಳುಮೆಯವರೆಗೆ, ಹತ್ತು ಹದಿನೈದು ಗುಂಟೆಗಳಷ್ಟನ್ನು ಮಕ್ಕಳ ಆಟಕ್ಕೆ ಬಿಟ್ಟುಕೊಡಲಿ. ಕೂಳೆಯನ್ನು ಕಿತ್ತು, ಮುಳ್ಳನ್ನು ಆರಿಸಿ, ಒಂದಾವರ್ತಿ ಗುಂಡು ಎಳೆಸಿದರೆ ಸಾಕು. ಎರಡು ತಿಂಗಳ ತುಳಿತದಿಂದ ಮಣ್ಣು ಗಟ್ಟಿಯಾಗುವುದೆಂದು ಆಕ್ಷೇಪಿಸುವವರುಂಟು. ಮೊದಲ ಹದಮಳೆಯಲ್ಲಿ ಹೂಡುವ ನೇಗಿಲಿಗೆ ಆ ಗಟ್ಟಿತನವು ಒಂದು ಲೆಕ್ಕವಲ್ಲ; ಭಾರವಾದ ಟ್ರಾಕ್ಟರಿನ ಚಕ್ರವು ಮಕ್ಕಳ ಕಾಲಿಗಿಂತ ಎಷ್ಟೋ ಪಾಲು ಹೆಚ್ಚಾಗಿ ನೆಲವನ್ನು ಅದುಮುತ್ತದೆ.

ಐದರಿಂದ ಹದಿನೇಳು ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ಮೈಬೆವರುವಂತೆ ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೊಲದ ಮನೆಯ ಮಕ್ಕಳಿಗೆ ಇದರ ಅವಶ್ಯಕತೆಯೇನೆಂದು ನಗುವ ಕಾಲವು ಕಳೆಯಿತು. ದನ ಮೇಯಿಸಲು ಹೋಗುತ್ತಿದ್ದ ಹುಡುಗನ ಕೈಯಲ್ಲಿ ಇಂದು ಮೊಬೈಲು ಫೋನು ಇದೆ. ಶಾಲೆಯ ವಾಹನವು ಮನೆಯ ಬಾಗಿಲಿಗೇ ಬರುತ್ತದೆ. ನಾನು ಸಂಚರಿಸುವ ಹೋಬಳಿಗಳಲ್ಲಿ ಅಪರಾಹ್ನದ ಹೊತ್ತು ಜಗಲಿಗಳ ಮೇಲೆ ನಾಲ್ಕೈದು ಮಕ್ಕಳು ಒಂದೇ ಫೋನಿನ ಸುತ್ತ ಬಗ್ಗಿ ಕುಳಿತಿರುವುದನ್ನು ಕಾಣದ ಊರು ಅಪರೂಪ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಎದ್ದು ಹೋಗುವುದಕ್ಕೆ ಒಂದು ಸ್ಥಳವಿರಬೇಕು.

ಸ್ಥಳವೊಂದಿದ್ದರೆ ಸಲಕರಣೆಗಳ ಚಿಂತೆಯಿಲ್ಲ. ಲಗೋರಿಗೆ ಏಳು ಚಪ್ಪಟೆ ಕಲ್ಲುಗಳೂ ಒಂದು ಚೆಂಡೂ ಸಾಕು. ಕುಂಟೆಬಿಲ್ಲೆಗೆ ಒಂದು ಹೆಂಚಿನ ಚೂರು. ಕಬಡ್ಡಿಗೆ ನಡುವೆ ಎಳೆದ ಒಂದು ಗೆರೆ. ಚಿನ್ನಿದಾಂಡನ್ನು ಮಾತ್ರ ಚಿಕ್ಕ ಮಕ್ಕಳಿಂದ ದೂರದಲ್ಲಿ ಆಡಿಸಬೇಕು, ಏಕೆಂದರೆ ಹಾರಿದ ಚಿನ್ನಿಯು ಕಣ್ಣಿಗೆ ತಗುಲಬಹುದು. ಖೊಖೊ ಆಟಕ್ಕೆ ಬೇಕಾದುದು ಎರಡು ಕಂಬಗಳು ಮತ್ತು ಓಡುವ ಕಾಲುಗಳು. ಇದು ಹಳ್ಳಿಯವರ ಕಾಲಹರಣದ ಆಟವೆಂದು ತಾತ್ಸಾರ ಮಾಡಬೇಕಾದುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೊಖೊ ವಿಶ್ವಕಪ್ ಸ್ಪರ್ಧೆಯಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದುವು. ಆ ಮಹಿಳಾ ತಂಡದಲ್ಲಿ ಆಡಿದ ಚೈತ್ರಾ ಅವರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆಟದ ನೆಲವನ್ನು ಬಿಟ್ಟುಕೊಡುವ ಯಜಮಾನರು ಮತ್ತೊಂದು ಮಾತನ್ನೂ ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು: ಆ ನೆಲವು ಎಲ್ಲ ಕೇರಿಯ ಮಕ್ಕಳಿಗೂ ಸಮನಾಗಿ ಸೇರಿದುದು, ಹೆಣ್ಣುಮಕ್ಕಳಿಗೂ ಸೇರಿದುದು. ಹತ್ತು ವರ್ಷದ ಹುಡುಗಿಯ ಸೊಂಟದ ಮೇಲೆ ತಮ್ಮನನ್ನು ಕೂರಿಸಿ ‘ನೀನೂ ಹೋಗಿ ಆಡು’ ಎಂದರೆ ಅದು ಆಟವಾಗುವುದಿಲ್ಲ.

ಹೊತ್ತಿನ ವಿಷಯದಲ್ಲಿ ಎಚ್ಚರಿಕೆ ಅವಶ್ಯಕ. ಬೆಳಿಗ್ಗೆ ಹತ್ತು ಗಂಟೆಯೊಳಗೆ, ಸಂಜೆ ನಾಲ್ಕೂವರೆಯ ಮೇಲೆ ಆಡತಕ್ಕದ್ದು, ನಡುಹಗಲು ನೆರಳಿನಲ್ಲಿರತಕ್ಕದ್ದು. ಉಪ್ಪು ಹಾಕಿದ ನೀರುಮಜ್ಜಿಗೆ ಅಥವಾ ರಾಗಿಯ ಅಂಬಲಿಗಿಂತ ಮಿಗಿಲಾದ ಪಾನೀಯವನ್ನು ನಾನರಿಯೆ. ಏಪ್ರಿಲ್ ಮೇ ತಿಂಗಳುಗಳ ಸಂಜೆಯ ಮಳೆಯು ಗುಡುಗುಸಿಡಿಲಿನೊಡನೆ ಬರುವುದರಿಂದ, ಮೋಡ ಕವಿದು ಗುಡುಗು ಕೇಳಿದೊಡನೆ ಮಕ್ಕಳು ಒಂಟಿಮರದ ಕೆಳಗೆ ನಿಲ್ಲದೆ ಮನೆ ಸೇರಬೇಕೆಂದು ಕಲಿಸಬೇಕು.

ಇನ್ನು ವಿಹಾರದ ಮಾತು. ಬೇಸಿಗೆಯ ಶಿಬಿರಗಳೆಂದು ಪಟ್ಟಣಗಳಲ್ಲಿ ಹಣ ತೆತ್ತು ಮಕ್ಕಳನ್ನು ಸೇರಿಸುವುದು ರೂಢಿಯಾಗಿದೆ; ಅನುಕೂಲಸ್ಥರಾದ ನಮ್ಮ ಕೆಲವು ರೈತರೂ ಅದನ್ನನುಸರಿಸುವರು. ಅದರಲ್ಲಿ ಬಹುಭಾಗ ಅನವಶ್ಯಕವೆಂದು ನನ್ನ ಮತ. ತಂದೆಯೇ ಮಕ್ಕಳನ್ನು ಕರೆದುಕೊಂಡು ಒಂದು ದಿನ ಬುತ್ತಿಯೊಡನೆ ಹೊರಟರೆ ಆಗುವ ಲಾಭವು ಅಲ್ಲಿ ಆಗದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನೇ ನೋಡಿರಿ. ಚಳಿಗಾಲದಿಂದ ಬೇಸಿಗೆಯವರೆಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಊರ ನಡುವಣ ಹುಣಿಸೆ ಮುಂತಾದ ಮರಗಳಲ್ಲಿಯೇ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ತಲೆಮಾರುಗಳಿಂದ ಆ ಹಕ್ಕಿಗಳನ್ನು ಓಡಿಸದೆ ಕಾಪಾಡಿಕೊಂಡು ಬಂದಿರುವರು. ಮರಗಳ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡಿನೊಡನೆ ಹಿಕ್ಕೆಯನ್ನು ಸೇರಿಸಿ ಗೊಬ್ಬರವನ್ನು ಮಾಡಿಕೊಳ್ಳುವ ಪದ್ಧತಿಯೂ ಅಲ್ಲುಂಟು. ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಇರುವುವೆಂದು ಪುಸ್ತಕದಲ್ಲಿ ಓದಿದ ಮಗುವಿಗೆ, ಮರದ ಮೇಲೆ ಹಕ್ಕಿ, ಕೆಳಗೆ ಗುಂಡಿ, ಆಚೆ ಹೊಲ ಎಂಬ ಆ ದೃಶ್ಯವು ಒಂದು ವರ್ಷದ ಪಾಠಕ್ಕೆ ಸಮ. ಮೇ ಕಳೆದರೆ ಹಕ್ಕಿಗಳು ಹೊರಟುಹೋಗುವುದರಿಂದ ರಜೆಯ ಮೊದಲ ವಾರಗಳಲ್ಲಿಯೇ ಹೋಗುವುದು ಲೇಸು. ಗೂಡುಗಳ ಕೆಳಗೆ ಕೂಗಾಡುವುದನ್ನೂ ಕಲ್ಲೆಸೆಯುವುದನ್ನೂ ಮಾಡಕೂಡದೆಂದು ಮುಂಚೆಯೇ ಹೇಳಿಕೊಂಡು ಹೋಗಬೇಕು. ದೂರದ ಪ್ರಯಾಣಕ್ಕೆ ಅನುಕೂಲವಿಲ್ಲದವರು ತಮ್ಮ ಹಳ್ಳದ ದಾರಿ ಹಿಡಿದು ಅದರ ಮೂಲದ ಗುಡ್ಡದವರೆಗೆ ಮಕ್ಕಳೊಡನೆ ನಡೆದರೂ ಆದೀತು. ತಮ್ಮ ಕೆರೆಗೆ ನೀರು ಎಲ್ಲಿಂದ ಬರುವುದೆಂದು ತಿಳಿಯದ ಭೂಮಾಲೀಕರ ಮಕ್ಕಳೂ ಇರುವರು.

ಈಗ ಎಲ್ಲಕ್ಕಿಂತ ಮುಖ್ಯವಾದ ನೀರಿನ ವಿಷಯಕ್ಕೆ ಬರುತ್ತೇನೆ. ಸೆಕೆಯ ದಿನಗಳಲ್ಲಿ ಆಡಿ ಬೆವೆತ ಮಕ್ಕಳು ನೀರಿಗಿಳಿಯುವುದು ಸಹಜ. 2014ರಲ್ಲಿ ಕೃಷಿಭಾಗ್ಯ ಯೋಜನೆಯು ಆರಂಭವಾದಂದಿನಿಂದ ನಮ್ಮ ಒಣಭೂಮಿಯ ಸೀಮೆಗಳಲ್ಲಿ ಕೃಷಿಹೊಂಡಗಳು ಬಹಳವಾಗಿ ಹೆಚ್ಚಿವೆ. ಒಂದು ಮಳೆ ತಪ್ಪಿದರೂ ಪೈರನ್ನು ಉಳಿಸಿಕೊಳ್ಳಲು ಇವು ಸಾಧನವಾದುವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹಳೆಯ ಕಟ್ಟೆ ಕಲ್ಯಾಣಿಗಳಿಗೂ ಇವಕ್ಕೂ ದೊಡ್ಡ ವ್ಯತ್ಯಾಸವಿದೆ. ಕಲ್ಯಾಣಿಗೆ ಮೆಟ್ಟಿಲುಗಳಿರುವುವು, ಕಟ್ಟೆಯ ಅಂಚು ಇಳಿಜಾರಾಗಿ ಕಾಲಿಗೆ ನೆಲ ಸಿಕ್ಕುವುದು. ಕೃಷಿಹೊಂಡವಾದರೋ ಸಾಮಾನ್ಯವಾಗಿ 3 ಮೀಟರು, ಎಂದರೆ ಹತ್ತಡಿಯಷ್ಟು ಆಳ. ಒಳಗೆ ನೀರಿಂಗದಂತೆ ಪಾಲಿಥೀನ್ ಹಾಳೆ ಹಾಸಿರುವರು. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಕೈಯೂ ನಿಲ್ಲದು, ಕಾಲೂ ನಿಲ್ಲದು. ಈಜು ಬಲ್ಲ ಯುವಕನೇ ಹತ್ತಿ ಬರಲಾರನೆಂದ ಮೇಲೆ ಎಂಟು ವರ್ಷದ ಹುಡುಗನ ಪಾಡೇನು? ಒಬ್ಬನನ್ನು ಎತ್ತಲು ಇಳಿದ ಮತ್ತೊಬ್ಬನೂ ಮುಳುಗಿದ ವರ್ತಮಾನಗಳನ್ನು ಪ್ರತಿ ಬೇಸಿಗೆಯಲ್ಲಿಯೂ ಪತ್ರಿಕೆಗಳಲ್ಲಿ ಓದುತ್ತೇವೆ.

ಪರಿಹಾರವು ದುಬಾರಿಯಲ್ಲ. ಹೊಂಡದ ಸುತ್ತ ತಂತಿಬೇಲಿಯನ್ನು ಆ ಯೋಜನೆಯ ಅಂಗಗಳಲ್ಲಿಯೇ ಸೇರಿಸಲಾಗಿದೆ. ಬೇಲಿ ತಡವಾಗುವುದಾದರೆ ಕಳ್ಳಿ ಅಥವಾ ಮುಳ್ಳುಕಂಟಿಯ ಬೇಲಿಯನ್ನಾದರೂ ಕೂಡಲೇ ಹಾಕಬೇಕು. ನಾಲ್ಕು ಬದಿಗಳಲ್ಲಿಯೂ ಗೂಟಕ್ಕೆ ಬಿಗಿದು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗವು ತಳದವರೆಗೆ ಇಳಿಬಿದ್ದಿರಬೇಕು. ದಡದಲ್ಲಿ ಒಂದು ಉದ್ದವಾದ ಬಿದಿರುಗಳುವೂ ಗಾಳಿ ತುಂಬಿದ ಹಳೆಯ ಟೈರಿನ ಟ್ಯೂಬೂ ಸದಾ ಇರಬೇಕು. ಮುಳುಗುವವನನ್ನು ಕಂಡ ಮಕ್ಕಳು ತಾವು ಹಾರದೆ ಗಳುವನ್ನು ಚಾಚಿ ಕೂಗಬೇಕೆಂಬುದನ್ನು ಆಟದ ನೆಲದಲ್ಲಿಯೇ ಕಲಿಸಬಹುದು. ಈಜನ್ನೂ ಕಲಿಸತಕ್ಕದ್ದೇ, ಆದರೆ ಹಿರಿಯನೊಬ್ಬನು ನೀರಿನಲ್ಲಿ ನಿಂತು, ಕಾಲಿಗೆ ನೆಲ ಸಿಕ್ಕುವ ಕಡೆಯಲ್ಲಿ. ಹಿಂದಿನವರು ಒಣಸೋರೆಯ ಬುರುಡೆಯನ್ನೂ ಬೆಂಡನ್ನೂ ಕಟ್ಟಿ ಕಲಿಸುತ್ತಿದ್ದರು. ಈಗ ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಕಟ್ಟುವರು. ಅವು ಕೀಟನಾಶಕದ ಡಬ್ಬಿಗಳಾಗಿರಲೇಕೂಡದು. ಎಷ್ಟು ತೊಳೆದರೂ ಅವುಗಳಲ್ಲಿ ವಿಷದ ಅಂಶ ಉಳಿಯಬಹುದಾದುದರಿಂದ, ಬಳಸಿದೊಡನೆ ತೂತು ಮಾಡಿ ಮಕ್ಕಳ ಕೈಗೆ ಸಿಕ್ಕದಂತಿರಿಸಬೇಕು.

ನೀರು ಬಾರದ ಕೊಳವೆಬಾವಿಗಳನ್ನು ಬಾಯ್ತೆರೆದು ಬಿಡುವವರಿಗೆ ಹೆಚ್ಚು ಹೇಳಬೇಕಾದುದಿಲ್ಲ. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಅಂತಹದೊಂದರೊಳಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಪ್ರಯತ್ನದ ಮೇಲೆ ಜೀವಸಹಿತ ಮೇಲಕ್ಕೆತ್ತಿದರು. ಎಲ್ಲ ಮಕ್ಕಳಿಗೂ ಆ ಭಾಗ್ಯವು ದೊರೆತಿಲ್ಲ.

ಪಟೇಲಿಕೆ ಶಾನುಭೋಗಿಕೆಗಳು 1961ರ ಕಾನೂನಿನಿಂದ ರದ್ದಾದರೂ, ಊರಿನಲ್ಲಿ ನಾಲ್ಕು ಜನ ಹಿರಿಯರ ಮಾತಿಗಿರುವ ತೂಕವು ಇಂದಿಗೂ ಇಳಿದಿಲ್ಲ. ‘ನನ್ನ ಹೊಲಕ್ಕೆ ಬಂದ ಮಗುವಿಗೆ ನಾನೇಕೆ ಹೊಣೆ?’ ಎಂದು ಹೊಂಡದ ಒಡೆಯನು ಕೇಳಿದಾಗ ಅವನಿಗೆ ಉತ್ತರ ಹೇಳಬೇಕಾದವರು ಅಂತಹ ಹಿರಿಯರೇ, ಇಲಾಖೆಯ ನೌಕರನಲ್ಲ. ಏಪ್ರಿಲಿನಲ್ಲಿ ಬಹುತೇಕ ಹೊಂಡಗಳು ಬತ್ತಿರುವುವು ಅಥವಾ ಮೊಣಕಾಲಿನಷ್ಟು ನೀರಿರುವುವು. ಬೇಲಿಯ ಕಂಬ ನೆಡುವುದಕ್ಕೂ ಹಗ್ಗ ಇಳಿಬಿಡುವುದಕ್ಕೂ ಅದೇ ತಕ್ಕ ಸಮಯ. ಭರಣಿ ಕೃತ್ತಿಕೆಯ ಒಂದು ಜೋರುಮಳೆ ಬಿದ್ದರೆ ಹೊಂಡವು ಒಂದೇ ರಾತ್ರಿಯಲ್ಲಿ ತುಂಬಬಹುದು, ಶಾಲೆ ತೆರೆಯುವುದಕ್ಕೆ ಆಗ ಇನ್ನೂ ಎರಡು ಮೂರು ವಾರಗಳು ಉಳಿದಿರುತ್ತವೆ.