ಕಾರ್ಯಕ್ರಮ ಮುಗಿದ ಮೇಲಿನ ಸುದ್ದಿ

1979ರಲ್ಲಿ ಕೇರಳದ ಕಾಸರಗೋಡಿನ ಪಡ್ರೆಯ ಕೃಷಿಕರೊಬ್ಬರ ಹಟ್ಟಿಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದವು. ಹಟ್ಟಿಯ ಸಂಗತಿ ಪತ್ರಿಕೆಗೆ ಯಾಕೆ ಎಂದು ಬಿಟ್ಟಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅದೇ ಊರಿನ ಯುವಕ ಶ್ರೀಪಡ್ರೆ ಹಾಗೆ ಬಿಡಲಿಲ್ಲ. ಗುಡ್ಡೆಯ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಬಿಡುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್‌ಗೂ ಈ ಕರುಗಳಿಗೂ ನಂಟಿರಬಹುದೇ ಎಂದು ಕೇಳಿದರು, ಬರೆದರು. ಸಿಂಪಡಣೆ ನಿಲ್ಲಲಿಲ್ಲ. ಮುಂದೆ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ಅಸಹಜವಾದದ್ದು ಇದೆ ಎಂದು ಎಚ್ಚರಿಸಿದರು. ಶ್ರೀಪಡ್ರೆ ಮತ್ತೆ ಬರೆದರು. ವೈಮಾನಿಕ ಸಿಂಪಡಣೆ ನಿಂತದ್ದು 2000ದ ಕೊನೆಗೆ. ದೇಶದಲ್ಲಿ ಆ ವಿಷವನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರ ಮೇ 13ರಂದು.

ಒಂದು ಹಟ್ಟಿಯಿಂದ ದೆಹಲಿಯ ನ್ಯಾಯಪೀಠದವರೆಗೆ 32 ವರ್ಷ. ಎಂಡೋಸಲ್ಫಾನ್ ಬಾಧಿತವೆಂದು ಗುರುತಿಸಲಾದ 11 ಪಂಚಾಯತುಗಳಲ್ಲಿ ಪಡ್ರೆ ಇರುವ ಎಣ್ಮಕಜೆಯಂತೆ ಕುಂಬ್ಡಾಜೆಯೂ ಒಂದು. ಅಲ್ಲಿ ಇವತ್ತು ಹೊಸದಾಗಿ ವರದಿಗಾರಿಕೆಗೆ ಇಳಿಯುವ ಹುಡುಗ ಅಥವಾ ಹುಡುಗಿಗೆ ಯಾವ ಪತ್ರಿಕೋದ್ಯಮ ಕಾಲೇಜಿನ ಪಾಠಕ್ಕಿಂತಲೂ ಹತ್ತಿರದ ಪಾಠ ಇದು.

ಆದರೆ ಆ ಹೊಸಬರ ಕೈಗೆ ಮೊದಲು ಬರುವುದೇನು? ಆಮಂತ್ರಣ ಪತ್ರಿಕೆ. ಮಾರ್ಪನಡ್ಕದಲ್ಲೋ ಅಗಲ್ಪಾಡಿಯಲ್ಲೋ ಸಭೆ. ಯಾರು ದೀಪ ಬೆಳಗಿಸಿದರು, ಯಾರು ಅಧ್ಯಕ್ಷತೆ ವಹಿಸಿದರು, ಯಾರು ಸ್ವಾಗತಿಸಿ ಯಾರು ವಂದಿಸಿದರು. ಈ ಸುದ್ದಿ ಬೇಡವೆಂದಲ್ಲ. ತನ್ನ ಹೆಸರು ಅಚ್ಚಿನಲ್ಲಿ ನೋಡುವ ಸಂತೋಷ ಹಳ್ಳಿಯವರಿಗೂ ಸಲ್ಲಬೇಕು, ಆ ಹೆಸರುಗಳನ್ನು ತಪ್ಪಿಲ್ಲದೆ ಬರೆಯುವುದೂ ಒಂದು ಶಿಸ್ತು. ತೊಡಕಿರುವುದು ಬೇರೆ ಕಡೆ. ಅರೆಕಾಲಿಕ ವರದಿಗಾರರಿಗೆ ಅಚ್ಚಾದ ಸುದ್ದಿಯ ಉದ್ದ ಅಳೆದು ಸಂಭಾವನೆ ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು. ಇಪ್ಪತ್ತು ಹೆಸರಿನ ಸಭೆಗೆ ಒಂದು ಗಂಟೆ ಸಾಕು. ಮೂರು ದಿನ ಅಲೆದು ತಂದ ವಿಷಯ ಹತ್ತು ಸಾಲಿಗೆ ಇಳಿದರೆ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ಈ ಲೆಕ್ಕವನ್ನು ಹಾಗೇ ಉಳಿಸಿಕೊಂಡು ಹೊಸಬರಲ್ಲಿ ಆಸಕ್ತಿ ಇಲ್ಲ ಎಂದು ದೂರುವುದು ನ್ಯಾಯವಲ್ಲ.

ಒಂದು ಉದಾಹರಣೆ ನೋಡಿ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಮಳೆಗಾಲದ ಹರಿವು ಇಳಿದ ಮೇಲೆ ಕೃಷಿಕರು ತೋಡಿಗೆ ಕಟ್ಟ ಹಾಕುತ್ತಾರೆ. ಹಿಂದೆ ಕಲ್ಲು, ಮಣ್ಣು. ಈಚೆಗೆ ಪ್ಲಾಸ್ಟಿಕ್ ಹಾಳೆಯೂ ಸೇರಿದೆ. ಒಂದು ಕಟ್ಟದ ನೀರು ಮೇಲಿನ ಕಟ್ಟದ ಬುಡದವರೆಗೆ ನಿಲ್ಲುವಂತೆ ಸಾಲಾಗಿ ಕಟ್ಟುವುದೇ ಇದರ ಜಾಣ್ಮೆ. ಇದನ್ನು ಎರಡು ರೀತಿಯಲ್ಲಿ ಬರೆಯಬಹುದು. ಶ್ರಮದಾನದ ದಿನ ಹೋಗಿ, ಗುದ್ದಲಿ ಹಿಡಿದು ನಿಂತವರ ಚಿತ್ರ ತೆಗೆದು, ‘ಅಂತರ್ಜಲ ಹೆಚ್ಚಿಸುವ ಮಾದರಿ ಕಾರ್ಯ’ ಎಂದು ಮುಗಿಸುವುದು ಒಂದು. ಮಾರ್ಚಿನಲ್ಲಿ ಮತ್ತೆ ಅಲ್ಲಿಗೇ ಹೋಗಿ, ತೋಡಿನ ಬದಿಯ ಮನೆಯಲ್ಲಿ ನೀರು ಸೇದುವವರನ್ನು ಕೇಳುವುದು ಇನ್ನೊಂದು: ಹಗ್ಗ ಈ ಸಲ ಎಷ್ಟು ಮೊಳ ಇಳಿಯಿತು, ಹೋದ ವರ್ಷ ಇದೇ ಹೊತ್ತಿಗೆ ಎಷ್ಟು? ತೋಟಕ್ಕೆ ಪಂಪು ಎಷ್ಟು ಹೊತ್ತು ಓಡುತ್ತದೆ? ಕಟ್ಟ ಹಾಕಲು ಈ ಸಲ ಆಳು ಸಿಕ್ಕಿದರೇ? ಮೊದಲ ವರದಿಗೆ ಅಂದಿನ ದಿನ ಸಾಕು. ಎರಡನೆಯದಕ್ಕೆ ಕಳೆದ ವರ್ಷದ ನೋಟ್‌ಪುಸ್ತಕ ಬೇಕು.

ಶ್ರೀಪಡ್ರೆಯವರು 1988ರಲ್ಲಿ ಪುತ್ತೂರಿನಿಂದ ಶುರುವಾದ ‘ಅಡಿಕೆ ಪತ್ರಿಕೆ’ಯಲ್ಲಿ ಹಿಡಿದ ದಾರಿ ಇದೇ. ‘ಕೃಷಿಕರ ಕೈಗೆ ಲೇಖನಿ’ ಎಂಬ ಮಾತಿಗೆ ತಕ್ಕಂತೆ ತೋಟದಲ್ಲಿ ದುಡಿಯುವವರಿಗೇ ಬರೆಯಲು ಕಲಿಸಿದರು. ಬರೆದದ್ದರಲ್ಲಿ ಸುಳ್ಳಿದ್ದರೆ ಮರುದಿನ ಪಕ್ಕದ ತೋಟದವರೇ ಕೇಳುತ್ತಾರೆ. ಊರ ವರದಿಗಾರರಿಗೆ ಅಂಥ ಓದುಗರೇ ಮೊದಲ ಸಂಪಾದಕರು.

ಭಾಷೆಯದ್ದು ಮತ್ತೊಂದು ಪರೀಕ್ಷೆ. ಕುಂಬ್ಡಾಜೆಯಲ್ಲಿ ಮಾತು ಹವ್ಯಕ ಕನ್ನಡದಲ್ಲಿ ಶುರುವಾಗಿ ತುಳುವಿಗೆ ಹೊರಳಿ, ಅಂಗಡಿಯ ಹೊತ್ತಿಗೆ ಮಲಯಾಳ ಆಗಿರುತ್ತದೆ. ಸರಕಾರಿ ಆದೇಶ ಬಹುಮಟ್ಟಿಗೆ ಮಲಯಾಳದಲ್ಲೇ ಬರುತ್ತದೆ. ಆ ಕಾಗದವನ್ನು ಸ್ವತಃ ಓದಲಾರದ ಕನ್ನಡ ವರದಿಗಾರರು ಇನ್ನೊಬ್ಬರು ಹೇಳಿದ ಅರ್ಥವನ್ನೇ ನಂಬಬೇಕಾಗುತ್ತದೆ. ಕನ್ನಡದ ಹಕ್ಕಿಗಾಗಿ ಬರೆಯಬೇಕಿದ್ದರೂ ಮಲಯಾಳ ಲಿಪಿ ಕಲಿಯಲೇಬೇಕು. 2021ರ ಜೂನ್‌ನಲ್ಲಿ ಕಾಸರಗೋಡಿನ ಕನ್ನಡ ಊರುಗಳ ಹೆಸರನ್ನು ಕೇರಳ ಸರಕಾರ ಬದಲಿಸುತ್ತಿದೆ ಎಂಬ ಸುದ್ದಿ ಬೆಂಗಳೂರಿನವರೆಗೂ ಹಬ್ಬಿತು. ಅಂಥ ಪ್ರಸ್ತಾವವೇ ಇಲ್ಲವೆಂದು ಬಳಿಕ ಜಿಲ್ಲಾಡಳಿತ ಹೇಳಿತು. ಆದೇಶ ಎಲ್ಲಿದೆ, ಸಂಖ್ಯೆ ಏನು, ಸಹಿ ಯಾರದ್ದು ಎಂದು ಮೊದಲ ದಿನವೇ ಕೇಳಬೇಕಿತ್ತು. ಫಲಕಗಳಲ್ಲಿ, ದಾಖಲೆಗಳಲ್ಲಿ ಕಾರಡ್ಕ ‘ಕಾಡಗಂ’ ಆಗುವ, ಬೇಡಡ್ಕ ‘ಬೇಡಗಂ’ ಆಗುವ ನಿಜವಾದ ಆತಂಕ ಆ ಗದ್ದಲದಲ್ಲಿ ಹಿಂದೆ ಸರಿಯಿತು. ಅದನ್ನು ಒಂದೊಂದೇ ಫಲಕ ನೋಡಿ, ಫೋಟೋ ತೆಗೆದು, ತಾರೀಕು ಹಾಕಿ ದಾಖಲಿಸುವುದು ಊರಲ್ಲೇ ಇರುವವರಿಗೆ ಮಾತ್ರ ಸಾಧ್ಯ.

ಮತ್ತೆ ಎಂಡೋಸಲ್ಫಾನ್‌ಗೆ ಬಂದರೆ: ಬಾಧಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿ 10ರಂದು ಸುಪ್ರೀಂ ಕೋರ್ಟ್ ಹೇಳಿತು. ಅಂದು ಅದು ಎಲ್ಲ ಪತ್ರಿಕೆಗಳ ದೊಡ್ಡ ಸುದ್ದಿ. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಕೇರಳ ಸರಕಾರವನ್ನು ತರಾಟೆಗೆ ತೆಗೆದುಕೊಂಡಾಗ, 3,704 ಬಾಧಿತರ ಪೈಕಿ ಹಣ ತಲುಪಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರ ಎಂಬುದು ಹೊರಬಿತ್ತು. ನಡುವಿನ ಐದು ವರ್ಷ ಆ ಮನೆಗಳಲ್ಲಿ ಏನಾಯಿತು ಎನ್ನುವುದು ತಿರುವನಂತಪುರದಿಂದ ಕಾಣುವುದಿಲ್ಲ. ಹಾಸಿಗೆ ಬಿಟ್ಟು ಏಳಲಾಗದ ಮಗನಿಗೆ ಊಟ ಮಾಡಿಸುತ್ತಿರುವ ತಾಯಿಯ ಎದುರು ಕ್ಯಾಮೆರಾ ತೆರೆಯುವ ಮೊದಲು ಕುಳಿತುಕೊಳ್ಳಬೇಕು, ಒಪ್ಪಿಗೆ ಕೇಳಬೇಕು, ಬೇಡವೆಂದರೆ ಚೀಲದೊಳಗೆ ಇಡಬೇಕು. ಆಮೇಲೆ ಮುಂದಿನ ತಿಂಗಳೂ ಹೋಗಬೇಕು. ಪಿಂಚಣಿ ಬಂತೇ, ಔಷಧಿ ಸಿಕ್ಕಿತೇ ಎಂದು ಕೇಳಬೇಕು.

ಇದಕ್ಕೆ ಪತ್ರಿಕೆಗಳು ಮಾಡಬೇಕಾದ್ದು ದೊಡ್ಡದೇನಲ್ಲ. ಹೊಸ ವರದಿಗಾರರಿಗೆ ಒಂದೆರಡು ವಾರ್ಡುಗಳನ್ನು ವರ್ಷದ ಮಟ್ಟಿಗೆ ಒಪ್ಪಿಸಲಿ. ಹಿಂದಿನ ಸುದ್ದಿಯ ಬೆನ್ನು ಹಿಡಿದು ಹೋದ ವರದಿಗೆ ಅಳತೆ ನೋಡದೆ ಹಣ ಕೊಡಲಿ, ಬಸ್ಸಿನ ಖರ್ಚು ಬೇರೆ ಕೊಡಲಿ. ವಾರಕ್ಕೊಮ್ಮೆ ಪುಟದ ಒಂದು ಮೂಲೆಯನ್ನು, ಎಷ್ಟೇ ಸಭೆಗಳಿದ್ದರೂ ಮುಟ್ಟದೆ, ಅವರಿಗಾಗಿ ಖಾಲಿ ಇಡಲಿ.