ಗೊಂಬಿ ಮನಿ ಅವರದು, ಬಾಳೇವು ನಮ್ಮದು

ಮನಿ ಕಟ್ಟೋ ಆಟ, ಹೊಲಾ ಮಾಡೋ ಆಟ, ಸಂಸಾರ ಹೂಡೋ ಆಟ ಅಂತ ಮೊಬೈಲಿನ್ಯಾಗ, ಕಂಪ್ಯೂಟರಿನ್ಯಾಗ ಬರತಾವಲ್ಲ, ಅವು ಏನು ಅಂತ ಜಾಹೀರಾತು ನೋಡಿ ತಿಳಕೊಳ್ಳಾಕ ಹೋಗಬ್ಯಾಡ್ರಿ. ಆಡೋಕಿ ಹಿಂದ ನಿಂತು ಒಂದ ಸಲ ಹಣಕಿ ನೋಡ್ರಿ. ಎರಡಕ್ಕೂ ಸಂಬಂಧಾನ ಇರೂದಿಲ್ಲ. ಜಾಹೀರಾತಿನ್ಯಾಗ ಗಾಜಿನ ಮನಿ, ಕೆಂಪ ಕಾರು, ಅಂಗಳದಾಗ ನೀಲಿ ನೀರಿನ ಈಜುಕೊಳ, ಎಲ್ಲಾರ ಮುಖದ ಮ್ಯಾಲೂ ನಗಿ. ಆಟದಾಗ ಹೋಗಿ ನೋಡಿದ್ರ ಆಕಿ ಅರಿವಿ ಒಗದು ಹಗ್ಗಕ್ಕ ಹಾಕತಿರತಾಳ!

ಹಾಸ್ಯ ಮಾಡಾಕತ್ತಿಲ್ಲ ಅಕ್ಕಾ, ಖರೇನ ಹೇಳತೀನಿ. ಸಿಮ್ಸ್ ಅಂತ ಒಂದ ಆಟ ಅದ, 2000ನೇ ಇಸವಿಯಾಗ ಬಂದದ್ದು. ಅದರಾಗ ಸಣ್ಣ ಸಣ್ಣ ಮನಷ್ಯಾರು ಇರತಾರ. ಅವರಿಗೆ ಮನಿ ಕಟ್ಟಬೇಕು, ಉಣಸಬೇಕು, ಮಲಗಸಬೇಕು, ಕೆಲಸಕ್ಕ ಕಳಸಬೇಕು, ಮದಿವಿ ಮಾಡಬೇಕು. ಅದರದ ನಾಕನೇ ಆಟ 2014ರಾಗ ಬಂತು. ಆ ಕಂಪನಿಯವರು ಮುಂದ ಏನ ಹೊಸಾದು ಮಾಡೋಣ ಅಂತ ಆಡೋರನ್ನ ಕೇಳಿ ಓಟ ಹಾಕಿಸಿದ್ರು. ಓಟ ಬಿದ್ದದ್ದು ಯಾವುದಕ್ಕ ಗೊತ್ತೇನ್ರಿ? ಅರಿವಿ ಒಗಿಯೂದಕ್ಕ. 2018ರಾಗ ಒಗಿಯೋ ಮಷೀನು, ಕೈಲೆ ಒಗಿಯೋ ತೊಟ್ಟಿ, ಒಣಗ ಹಾಕೋ ಹಗ್ಗ ಎಲ್ಲಾ ಸೇರಿಸಿ ರೊಕ್ಕಕ್ಕ ಮಾರಿದ್ರು. 2021ರಾಗ ಕಸಾ ಧೂಳಾ ತಗಿಯೋ ಸಾಮಾನು ಮಾರಿದ್ರು. ನಾವು ಮುಂಜಾನೆದ್ದು ಸೊಂಟ ಹಿಡಕೊಂಡು ಮಾಡೋ ಕೆಲಸಾನ ಜಗತ್ತಿನ ಮಂದಿ ರೊಕ್ಕಾ ಕೊಟ್ಟು ಮಾಡಿದ್ರು ಅನ್ನರಿ.

ಇದು ಹುಚ್ಚು ಅಂತ ಅನ್ನಬೌದು. ನಾನು ಹಂಗ ಅನ್ನಂಗಿಲ್ಲ. ಕೆಲಸ ಅಂದ್ರ ಬ್ಯಾಸರ ಅಲ್ಲರಿ, ಮಾಡಿದ್ದು ಕಾಣಲಾರದ್ದು ಬ್ಯಾಸರ. ಮನ್ಯಾಗ ಕಸಾ ಹೊಡದ ಅರ್ಧ ತಾಸಿಗೆ ಮತ್ತ ಕಸಾ. ಒಗದ ಅರಿವಿ ನೋಡಿ ಯಾರೂ ಛಂದ ಒಗದಿ ಅನ್ನಂಗಿಲ್ಲ. ಆಟದಾಗ ಒಗದ್ರ ಒಗದದ್ದು ಲೆಕ್ಕಕ್ಕ ಹತ್ತತದ, ಆ ಸಣ್ಣ ಮನಷ್ಯಾಗ ಸಮಾಧಾನ ಆದದ್ದು ಕಣ್ಣಿಗೆ ಕಾಣತದ. ಕಂಪನಿ ಕನಸು ಮಾರಾಕ ಕುಂತಿತ್ತು, ಹೆಣಮಕ್ಕಳು ಲೆಕ್ಕಾ ಕೇಳಿದ್ರು. ಕಂಪನಿ ಶಾಣ್ಯಾ ಇತ್ತು, ಅದನ್ನೂ ಬೆಲಿ ಹಚ್ಚಿ ಮಾರಿತು. ಅದು ಬ್ಯಾರೆ ಮಾತು.

ಈ ಆಟ ಹುಟ್ಟಿದ ಕಥಿ ನಮ್ಮ ಜಿಲ್ಲಾದವರಿಗೆ ಲಗೂನ ತಿಳಿತದ. ಮಾಡಿದವರು ಅಮೆರಿಕಾದ ವಿಲ್ ರೈಟ್ ಅಂತ. 1991ರಾಗ ಓಕ್‌ಲಂಡ್ ಅನ್ನೋ ಊರಿನ ಗುಡ್ಡಕ್ಕ ಬೆಂಕಿ ಬಿದ್ದು ಅವರ ಮನಿ ಸುಟ್ಟು ಹೋತು. ಹೊಸಾ ಮನಿಗೆ ಒಂದೊಂದ ಸಾಮಾನು ಮತ್ತ ತರೋ ಮುಂದ, ಮನಷ್ಯಾಗ ಬದಕಾಕ ಖರೇ ಏನೇನ ಬೇಕು ಅನ್ನೋ ವಿಚಾರ ಅವರ ತಲ್ಯಾಗ ಹೊಕ್ಕಿತು. ಅದರಿಂದ ಆಟ ಬೆಳೀತು. ಇದು ಹುಡುಗ್ಯಾರ ಗೊಂಬಿ ಮನಿ, ಯಾರ ಆಡತಾರ ಅಂತ ಕಂಪನ್ಯಾಗಿನವರ ಮೊದಲ ಮೂಗು ಮುರದಿದ್ರು. 2002 ಅನ್ನೂದ್ರಾಗ ಅಲ್ಲಿತನಕ ಬಂದ ಕಂಪ್ಯೂಟರ್ ಆಟದಾಗೆಲ್ಲಾ ಹೆಚ್ಚ ಮಾರಿದ್ದು ಅದ ಆತು.

ನಮ್ಮ ಕಡೆ ಬೆಂಕಿ ಅಲ್ಲ, ನೀರು. ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಬಾಗೇವಾಡಿ ಕಡೆ ಕೃಷ್ಣಾ ದಂಡಿ ಊರು ಎಷ್ಟ ಹ್ವಾದವು ನಿಮಗೆ ಗೊತ್ತದ. ಮಂದಿ ತೊಲಿ, ಬಾಗಲ ಚೌಕಟ್ಟು ಕಿತಗೊಂಡು ಪುನರ್ವಸತಿ ಊರಿಗೆ ಬಂದ್ರು. ಹಂಗ ಬಂದ ಮನಿ ಹೆಣಮಕ್ಕಳನ್ನ ಕೇಳಿ ನೋಡ್ರಿ, ಖಾಲಿ ಜಾಗಾದಾಗ ಹೆಜ್ಜಿಲೆ ಅಳದು ಇಲ್ಲಿ ಒಲಿ, ಇಲ್ಲಿ ದೇವರ ಜಗಲಿ, ಇಲ್ಲಿ ದನದ ಗ್ವಾದ್ಲಿ ಅಂತ ಸುಣ್ಣದ ಗೆರಿ ಹಾಕಿದ್ದು ಹೇಳತಾರ. ಈಗಿನ ಹುಡುಗಿ ಮೊಬೈಲಿನ್ಯಾಗ ಗ್ವಾಡಿ ಸರಸಿ ಸರಸಿ ನೋಡೋದೂ ಅದೇ ಗೆರಿ. ಮನಿ ಅನ್ನೂದು ಏನು, ಅದರಾಗ ನನ್ನ ಜಾಗಾ ಎಲ್ಲಿ ಅನ್ನೋ ಪ್ರಶ್ನೆ. ಇದನ್ನ ಯಾವ ಜಾಹೀರಾತೂ ಕೇಳಂಗಿಲ್ಲ. ಅದು ಸೋಫಾ ಯಾವ ಬಣ್ಣದ್ದು ಬೇಕು ಅಂತಷ್ಟ ಕೇಳತದ.

ಇನ್ನ ಆಡೋರ ಕಿತಾಪತಿ ಕೇಳ್ರಿ. ಸಿಮ್ಸ್ ಮೊದಲ ಬಂದಾಗಿಂದ ಒಂದ ಆಟ ಮಂದಿಗೆ ಭಾಳ ಸೇರತದ: ಆ ಮನಷ್ಯಾನ ಈಜುಕೊಳಕ್ಕ ಇಳಿಸೂದು, ಹಿಂದಿಂದ ನಿಚ್ಚಣಿಕಿ ತಗದ ಬಿಡೂದು. ಅಂವ ಮ್ಯಾಲ ಬರಾಕ ಆಗದ ಮುಳಗತಾನ. ಮುಂದಿನ ಆಟದಾಗ ನಿಚ್ಚಣಿಕಿ ಇಲ್ಲದ ಏರಿ ಬರೋ ಹಂಗ ಮಾಡಿದ್ರು. ಮಂದಿ ಕೊಳದ ಸುತ್ತ ಬೇಲಿ ಕಟ್ಟಿದ್ರು! ನಾಕನೇ ಆಟ ಮೊದಲ ಈಜುಕೊಳಾನ ಇಲ್ಲದ ಬಂದಾಗ ಆಡೋರು ಎಷ್ಟ ಗದ್ದಲಾ ಹಾಕಿದ್ರಂದ್ರ ಅದೇ ವರ್ಷ ನವೆಂಬರಿನ್ಯಾಗ ಕೊಳ ತಂದ ಕೊಡಬೇಕಾತು. ಸುಖದ ಗುರ್ತು ಅಂತ ಕಂಪನಿ ಇಟ್ಟ ಕೊಳ, ಆಡೋರ ಕೈಯಾಗ ಬ್ಯಾರೇನ ಆತು. ಹಂಗಂತ ಆಡೋರು ಕೆಟ್ಟವರಲ್ಲ. ಆಟದಾಗ ಗಂಡನ್ನ ಮುಳಗಿಸಿದಾಕಿ ಮನ್ಯಾಗ ಅವಗ ಬಿಸಿ ರೊಟ್ಟಿ ಬಡದು ಹಾಕತಿರತಾಳ. ನಾವು ಸಣ್ಣವರಿದ್ದಾಗ ಗೊಂಬಿ ಮದಿವಿ ಮಾಡಿ, ಬೀಗರ ಜಗಳಾ ಹಚ್ಚಿ, ಸಂಜೀಕ ಗೊಂಬಿ ಸತ್ತಂಗ ಮಾಡಿ ಅತ್ತು ಹಾಡಾಡಲಿಲ್ಲೇನು? ದೊಡ್ಡವರು ಮಾಡೋ ಸಂಸಾರ ನೋಡಿದ್ದನ್ನ ಒಡದ ನೋಡೋದು, ತಿರಗಿ ಜೋಡಿಸೋದು ಆಟದ ಕೆಲಸ.

ಮತ್ತೊಂದ ಜಾತಿ ಮಂದಿ ಇರತಾರ. ಅವರು ಮದರ್‌ಲೋಡ್ ಅಂತ ಒಂದ ಗುಟ್ಟಿನ ಶಬ್ದ ಹೊಡದ ಕೂಡಲೆ 50,000 ಆಟದ ರೊಕ್ಕಾ ಮಾಡಕೊಂಡು, ಸಂಸಾರದ ಗೊಡಿವಿಗೇ ಹೋಗದ ಬರೇ ಮನಿ ಕಟ್ಟತಾರ. ಇನ್ನ ಕೆಲವರು ಅದಕ್ಕ ಉಲ್ಟಾ. ಖಾಲಿ ಜಾಗಾದಾಗ ಒಬ್ಬಾಕಿನ್ನ ನಿಲ್ಲಿಸಿ, ಕೈಯಾಗ ಸ್ವಲ್ಪ ರೊಕ್ಕಾ ಕೊಟ್ಟು, ಆಕಿಯಿಂದ ಹತ್ತ ತಲಿಮಾರು ಬೆಳಸತೀವಿ ಅಂತ ತಾವ ಕಟ್ಟನೀಟ ನೇಮಾ ಹಾಕೊಂಡು ಆಡತಾರ. ಈ ನೇಮಾ ಕಂಪನಿ ಹೇಳಿದ್ದಲ್ಲ, ಆಡೋರು ತಮ್ಮ ತಮ್ಮೊಳಗ ಮಾಡಕೊಂಡದ್ದು. ಸುಲಭದ ಬದುಕು ಕೊಡತೀವಿ ಅಂದ್ರ, ಬ್ಯಾಡ, ಕಷ್ಟದ್ದ ಕೊಡ್ರಿ, ನಾವ ಮ್ಯಾಲ ಬಂದ ತೋರಸತೀವಿ ಅನ್ನೋ ಮಂದಿ. ಇಂಥವರನ್ನ ನಮ್ಮ ಇಂಡಿ, ಸಿಂದಗಿ ಕಡೆ ಮನಿಗೊಬ್ಬರನ್ನ ತೋರಸಬೌದು, ಆಟದಾಗ ಅಲ್ಲ, ಖರೇ ಬಾಳೇವಿನ್ಯಾಗ.

ಹೊಲದ ಆಟಕ್ಕ ಬರೋಣು. 2009ರಾಗ ಫೇಸ್‌ಬುಕ್ಕಿನ್ಯಾಗ ಫಾರ್ಮ್‌ವಿಲ್ ಅಂತ ಬಂತು, 2020ರ ಡಿಸೆಂಬರ್ 31ಕ್ಕ ಬಂದ್ ಆತು. ಈಗ ಹೇ ಡೇ ಅಂತ ಅದ, 2012ರಿಂದ ನಡದದ. ಇವನ್ನೆಲ್ಲಾ ಮಾರೋ ಮುಂದ ಆರಾಮ, ಶಾಂತಿ, ಹಳ್ಳಿ ಗಾಳಿ ಅಂತ ಹೇಳತಾರ. ಹಳ್ಳಿ ಗಾಳಿ! ಮೇ ತಿಂಗಳದಾಗ ಇಂಡಿ ಕಡೆ ಲಿಂಬಿ ಗಿಡಕ್ಕ ಟ್ಯಾಂಕರ್ ನೀರು ಹಾಕಿಸಿದವರನ್ನ ಕೇಳ್ರಿ ಆ ಗಾಳಿ ಎಷ್ಟ ತಂಪ ಅಂತ. ಹಿಂಗಾರಿ ಬಿಳಿಜ್ವಾಳ ಕೈಗೆ ಬರಾಕ ನಾಕ ತಿಂಗಳ ಬೇಕು. ಹೇ ಡೇದಾಗ ಗೋದಿ ಎರಡ ನಿಮಿಷಕ್ಕ ಕೊಯ್ಲಿಗೆ ಬರತದ. ಮಳಿ ಕೈಕೊಡಂಗಿಲ್ಲ, ಬೋರು ಬತ್ತಂಗಿಲ್ಲ, ದಲಾಲಿ ಅಂಗಡ್ಯಾಗ ತೂಕಾ ಹೊಡಿಯೋರಿಲ್ಲ.

ಆದ್ರೂ ಖರೇ ಹೊಲಾ ಇದ್ದ ಮನಿ ಹೆಣಮಕ್ಕಳೂ ಇದನ್ನ ಆಡತಾರ. ಯಾಕ? ನನಗ ಅನಸೋದು ಹಿಂಗ. ಖರೇ ಹೊಲದಾಗ ಆಕಿ ಬಿತ್ತತಾಳ, ಕಳೆ ತಗೀತಾಳ, ಹತ್ತಿ ಬಿಡಸತಾಳ, ರಾಶಿ ಮಾಡತಾಳ. ಏನ ಬಿತ್ತಬೇಕು, ಯಾವಾಗ ಮಾರಬೇಕು ಅನ್ನೋದು ಕಟ್ಟಿ ಮ್ಯಾಲ ಗಂಡಸರ ಬಾಯಾಗ ತೀರ್ಮಾನ ಆಗತದ. ಪಹಣ್ಯಾಗ ಹೆಸರು ಭಾಳ ಮನ್ಯಾಗ ಆಕೀದ ಇರೂದಿಲ್ಲ. ಆಟದ ಹೊಲದ ಪಹಣಿ ಆಕಿದು. ಏನ ಬಿತ್ತಲಿ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಆರಾಮ ಸಲುವಾಗಿ ಆಡತಾಳ ಅಂತ ಕಂಪನಿ ತಿಳಕೊಂಡದ. ಆಕಿ ಆಡೋದು ಯಜಮಾನಕಿ ಸಲುವಾಗಿ.

ಆರಾಮ ಅನ್ನೋದೂ ಪೂರಾ ಖರೇ ಅಲ್ಲ. ಫಾರ್ಮ್‌ವಿಲ್ಲಿನ್ಯಾಗ ಸ್ಟ್ರಾಬೆರಿ ನಾಕ ತಾಸಿಗೆ ಬರತಿತ್ತು, ಟೈಮಿಗೆ ಕೊಯ್ಯಲಿಲ್ಲಂದ್ರ ಒಣಗಿ ಹೋಗತಿತ್ತು. ಅದಕ್ಕ ಮಂದಿ ರಾತ್ರಿ ಅಲಾರಾಂ ಇಟ್ಟ ಏಳತಿದ್ರು. ಶಾಣ್ಯಾ ಹೆಣಮಕ್ಕಳು ಮಲಗೋ ಮುಂದ ತಡಾ ಆಗಿ ಬರೋ ಬೆಳಿ ಹಾಕಿ, ನಸುಕಿನ್ಯಾಗ ಎಮ್ಮಿ ಹಿಂಡೋ ಹೊತ್ತಿಗೆ ಸರಿಯಾಗಿ ಕೊಯ್ಲಿಗೆ ಬರೋ ಹಂಗ ಲೆಕ್ಕಾ ಹಾಕತಾರ. ಇದು ಆರಾಮ ಅಲ್ಲ, ಪಕ್ಕಾ ಕಾರಭಾರ. ಹೇ ಡೇದಾಗ ಬೆಳಿ ಒಣಗೂದಿಲ್ಲ ಖರೇ, ಆದ್ರ ಕಾಯಾಕ ಬ್ಯಾಸರ ಆದವರಿಗೆ ವಜ್ರ ಮಾರತಾರ. ವಜ್ರ ಕೊಟ್ರ ಕಾಯೋದು ತಪ್ಪತದ. ಅಂದ್ರ ಬ್ಯಾಸರ ಹುಟ್ಟಸೋರೂ ಅವರ, ಅದಕ್ಕ ಮದ್ದು ಮಾರೋರೂ ಅವರ.

ಎಲ್ಲಾಕ್ಕಿಂತ ಮೋಸದ್ದು ಮತ್ತೊಂದ ಅದ. ಸೀರಿಯಲ್ ನಡುವ, ರೀಲ್ಸ್ ನಡುವ ಆಟದ ಜಾಹೀರಾತು ಬರತಾವ ನೋಡ್ರಿ, ಸೋರೋ ಮನಿ, ಚಳಿಗೆ ನಡಗೋ ತಾಯಿ, ಬಗಲಾಗ ಕೂಸು, ಇವರನ್ನ ಉಳಸ್ರಿ ಅಂತ. ಕರಳ ಚುರ್ ಅಂತದ. ಇಳಿಸಿಕೊಂಡ ನೋಡಿದ್ರ ಒಳಗ ಅದೇನೂ ಇಲ್ಲ, ಒಂದ ನಮೂನಿವು ಮೂರು ಜೋಡಿಸಿ ಒಡಿಯೋ ಆಟ. 2020ರಾಗ ಇಂಗ್ಲಂಡಿನ ಜಾಹೀರಾತು ನಿಗಾ ಸಂಸ್ಥೆಯವರು ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಅನ್ನೋ ಎರಡ ಆಟದ ಜಾಹೀರಾತಿಗೆ ದಾರಿ ತಪ್ಪಸತಾವ ಅಂತ ಛೀಮಾರಿ ಹಾಕಿದ್ರು. ಅವರೊಳಗ ಕೀಲಿ ಮೊಳಿ ಎಳದು ದಾರಿ ಮಾಡೋ ಆಟ ತೋರಿಸಿದ್ರು, ಖರೇ ಆಟ ಬಹುಪಾಲು ಬ್ಯಾರೇನ ಇತ್ತು. ಎಲ್ಲಾ ಚಿತ್ರ ಆಟದಾಗಿನವಲ್ಲ ಅಂತ ಬರದಿದ್ರು ಅಂತ, ಅಷ್ಟ ಬರದ್ರ ಸಾಲಂಗಿಲ್ಲ ಅಂದ್ರು. ಮನಿ ಉಳಸೂದು ಅಂದ್ರ ಹೆಣಮಕ್ಕಳ ಬೆಟ್ಟು ತಾನ ಓಡತದ ಅನ್ನೋದು ಮಾರೋರಿಗೆ ಗೊತ್ತದ. ಅಂಥಾ ಜಾಹೀರಾತಿಗೆ ಬೆಟ್ಟು ಒತ್ತೋ ಮುಂದ ಒಂದ ಗಳಿಗಿ ನಿಂದರ್ರಿ.

ನಮ್ಮ ಗುಳ್ಳವ್ವನ್ನ ನೆನಸಕೊಳ್ರಿ. ಮಣ್ಣೆತ್ತಿನ ಅಮಾಸಿ ಮುಗದ ಮ್ಯಾಲ ಆಷಾಢದ ಮಂಗಳವಾರ ಹುಡುಗ್ಯಾರು ಮಣ್ಣು ತಂದು ಗುಳ್ಳವ್ವನ್ನ ಮಾಡಿ, ಗುಲಗಂಜಿ ಹಚ್ಚಿ ಸಿಂಗಾರ ಮಾಡತಾರ. ಆ ಮಣ್ಣಿಗೆ ಜಾಹೀರಾತು ಇಲ್ಲ. ಹಿಂಗ ಆಡ್ರಿ ಅಂತ ಯಾರೂ ಮಾರಲಿಲ್ಲ. ಅದಕ್ಕ ಹುಡುಗ್ಯಾರು ಅದರಾಗ ಏನ ಇಟ್ಟಾರ ಅನ್ನೋದು ಅವರದ ಆಗಿತ್ತು. ಮೊಬೈಲಿನ ಮಣ್ಣು ಕಂಪನಿದು, ಆಡೋ ಕೈ ಮಾತ್ರ ಇನ್ನೂ ನಮ್ಮದದ. ಆ ಕೈ ಕಡೆ ನೋಡ್ರಿ ಅನ್ನೋದ ನನ್ನ ಮಾತು.

ಯಾಕ ಇಷ್ಟ ಒತ್ತಿ ಹೇಳತೀನಂದ್ರ, ನಮ್ಮ ಓಣ್ಯಾಗ ಪಿಯುಸಿ ಓದೋ ಒಬ್ಬ ಹುಡುಗಿ ಇದ್ದಾಳ. ಆಕಿ ಆಟದಾಗ ಕಟ್ಟಿದ ಮನಿ ನನಗ ತೋರಿಸಿದ್ಲು. ಈಜುಕೊಳ ಇಲ್ಲ, ಕಾರಿಲ್ಲ. ಅಜ್ಜಿಗೆ ಮಲಗೋ ಕೋಲಿಗೆ ಹತ್ತೇ ಬಚ್ಚಲು, ರಾತ್ರಿ ಹಿತ್ತಲಕ್ಕ ಹೋಗೋದು ಬ್ಯಾಡ ಅಂತ. ಅಡಗಿ ಮನಿಗೆ ದೊಡ್ಡ ಕಿಡಕಿ, ಅವ್ವಗ ಹೊಗಿ ಆಗಬಾರದು ಅಂತ. ಮಾಳಗಿ ಮ್ಯಾಲ ಒಂದ ಸಣ್ಣ ಕೋಲಿ, ಅದರಾಗ ಮೇಜು, ಪುಸ್ತಕ, ಒಂದ ಬಾಗಲಾ. ಈ ಬಾಗಲಾ ನನ್ನದು ಅಂದ್ಲು. ಕೆಳಗ ಪಡಸಾಲ್ಯಾಗ ಆಗ ಆಕಿ ಮದಿವಿ ಮಾತು ನಡದಿತ್ತು, ಡಿಗ್ರಿ ಆಮ್ಯಾಲ ನೋಡಿದ್ರಾತು ಅಂತ. ಮನಿಯವರಿಗೆ ಕಂಡದ್ದು ಹುಡುಗಿ ಬರೇ ಮೊಬೈಲ್ ಹಿಡದಾಳ ಅನ್ನೋದಷ್ಟ. ಪಡಸಾಲ್ಯಾಗ ಬಾಯಿ ಬಿಟ್ಟ ಹೇಳಾಕ ಆಗಲಾರದ್ದನ್ನ ಆಕಿ ಅಲ್ಲಿ ಗ್ವಾಡಿ ಕಟ್ಟಿ ಹೇಳಿದ್ಲು.

ಹಂಗಂತ ದಿನಾ ಪೂರಾ ಆಡ್ಲಿ ಅಂತ ನಾನೂ ಹೇಳಂಗಿಲ್ಲ. ಕಣ್ಣ ಹೋಗತಾವ, ಓದು ಹಿಂದ ಬೀಳತದ, ರೊಕ್ಕಾನೂ ಸೋರತದ. ಅದಕ್ಕ ಒಂದ ಕೆಲಸ ಇವತ್ತ ಮಾಡ್ರಿ. ಪ್ಲೇ ಸ್ಟೋರಿನ ಸೆಟ್ಟಿಂಗಿನ್ಯಾಗ, ಏನರ ಕೊಳ್ಳೋ ಮುಂದ ಪ್ರತಿ ಸಲ ಪಾಸ್‌ವರ್ಡ್ ಕೇಳೋ ಹಂಗ ಇಡ್ರಿ. ಯುಪಿಐ ಪಿನ್ ಮಕ್ಕಳಿಗೆ ಹೇಳಬ್ಯಾಡ್ರಿ. ಆಡಾಕ ಟೈಮ್ ಗೊತ್ತ ಮಾಡ್ರಿ. ಅಷ್ಟ ಮಾಡಿದ ಮ್ಯಾಲ ಮೊಬೈಲ್ ಕಸಗೊಳ್ಳೋ ಮದಲ ಬಾಜೂಕ ಕುಂತು ಒಂದ ಮಾತ ಕೇಳ್ರಿ: ಇದು ಯಾರ ಮನಿ, ಇದರಾಗ ನಿನ್ನ ಕೋಲಿ ಯಾವುದವ್ವಾ?

ಸೊಸಿಗೂ ಕೇಳ್ರಿ. ಅತ್ತಿ ಕೇಳಿದ್ಲಂದ್ರ ಮದಲ ಹೆದರತಾಳ, ಆಮ್ಯಾಲ ಹೇಳತಾಳ.