ತಾತ್ಕಾಲಿಕ ನಿಲ್ದಾಣ, ಕಾಯಂ ಅಪಾಯ

ಅಮೇರಿಕಾದ ನೆವಾಡಾ ಸಂಸ್ಥಾನದಲ್ಲಿ, ರೀನೋ ನಗರದಿಂದ ಉತ್ತರಕ್ಕೆ ಸುಮಾರು 100 ಮೈಲಿ ದೂರದಲ್ಲಿ, ಬ್ಲ್ಯಾಕ್ ರಾಕ್ ಎಂಬ ಮರುಭೂಮಿಯಿದೆ. ಬತ್ತಿಹೋದ ಸರೋವರದ ತಳವಾದ ಆ ಬಯಲಿನಲ್ಲಿ ಪ್ರತಿವರ್ಷ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ‘ಬರ್ನಿಂಗ್ ಮ್ಯಾನ್’ ಎಂಬ ಜಾತ್ರೆ ನೆರೆಯುತ್ತದೆ. ಸುಮಾರು 70,000 ಜನ ಕೂಡುತ್ತಾರೆ. ಅಲ್ಲಿಯ ವಿಚಿತ್ರ ವೇಷಗಳನ್ನು ಕುರಿತು ಬರೆಯುವವರು ಬಹಳ ಮಂದಿ. ನಮ್ಮ ಆಸಕ್ತಿ ಅದರ ಆಕಾಶದಲ್ಲಿದೆ. ಜಾತ್ರೆಯೊಡನೆ ಅಲ್ಲೊಂದು ವಿಮಾನ ನಿಲ್ದಾಣವೂ ಹುಟ್ಟುತ್ತದೆ, ಜಾತ್ರೆ ಮುಗಿದೊಡನೆ ಅಳಿಯುತ್ತದೆ. ಓಡುದಾರಿಯೆಂದರೆ ಗುರುತು ಹಾಕಿದ ಮಣ್ಣಿನ ನೆಲವೇ. ನಿಯಂತ್ರಣ ಗೋಪುರವಿಲ್ಲ. ಪೈಲಟರು ತಾವಿರುವ ಸ್ಥಳವನ್ನು ರೇಡಿಯೋದಲ್ಲಿ ತಾವೇ ಸಾರುತ್ತ, ಇತರರ ಮಾತನ್ನು ಆಲಿಸುತ್ತ, ಸುತ್ತಲೂ ಕಣ್ಣಿಟ್ಟು ಇಳಿಯಬೇಕು. ಧೂಳೆದ್ದರೆ ಕಣ್ಣೂ ಕೆಲಸಕ್ಕೆ ಬಾರದು.

ಇಂಥ ನಿಲ್ದಾಣಕ್ಕೆ ಬರುವ ಪ್ರತಿ ವಿಮಾನವೂ ತನ್ನ ನೆಲೆಯನ್ನು ತಿಳಿಸುವ ಯಂತ್ರವನ್ನು ಹೊಂದಿರಲೇಬೇಕೆಂದು ವಿಧಿಸುವುದು ಉಚಿತವೇ? ಉಚಿತವೆಂದೇ ನಮ್ಮ ಅಭಿಪ್ರಾಯ.

ಯಂತ್ರದ ಹೆಸರು ಎ.ಡಿ.ಎಸ್.-ಬಿ. ಅದು ಉಪಗ್ರಹಗಳ ನೆರವಿನಿಂದ ವಿಮಾನದ ನೆಲೆಯನ್ನು ಅರಿತು, ಎತ್ತರ ವೇಗಗಳೊಡನೆ ಸೆಕೆಂಡಿಗೊಮ್ಮೆ ಸುತ್ತಲೂ ಸಾರುತ್ತದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಮ್ಮ ಹೋಟೆಲುಗಳ ಅಡಿಗೆಮನೆಯ ಬಾಗಿಲನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಸಿ ಸಾಂಬಾರು ಹಿಡಿದು ಹೊರಬರುವವನೂ ಎಂಜಲು ತಟ್ಟೆ ಹಿಡಿದು ಒಳಹೋಗುವವನೂ ‘ಸೈಡ್, ಸೈಡ್’ ಎಂದು ಕೂಗುತ್ತಲೇ ನಡೆಯುತ್ತಾರೆ. ಹತ್ತು ಜನ ಕೂಗಿ ಒಬ್ಬನು ಸುಮ್ಮನೆ ಬಂದರೆ ಅನಾಹುತವಾಗುವುದು ಆ ಒಬ್ಬನಿಂದ.

ಅಮೇರಿಕಾದಲ್ಲಿ 2020ರ ಜನವರಿ 1ರಿಂದ ಈ ಯಂತ್ರ ಕಡ್ಡಾಯವಾಗಿದೆ, ಆದರೆ ಎಲ್ಲೆಡೆಯಲ್ಲ. ದೊಡ್ಡ ನಿಲ್ದಾಣಗಳ ಸುತ್ತಣ ಆಕಾಶದಲ್ಲಿ, ಮತ್ತು ಸಾಮಾನ್ಯವಾಗಿ 10,000 ಅಡಿಗಿಂತ ಮೇಲೆ ಮಾತ್ರ. ವಿದ್ಯುತ್ ವ್ಯವಸ್ಥೆಯಿಲ್ಲದ ಹಳೆಯ ವಿಮಾನಗಳಿಗೂ ಗ್ಲೈಡರುಗಳಿಗೂ ವಿನಾಯಿತಿಯುಂಟು. ಮರುಭೂಮಿಯ ಮೇಲೆ ತಗ್ಗಿನಲ್ಲಿ ಹಾರುವವನನ್ನು ಈ ನಿಯಮ ಮುಟ್ಟುವುದಿಲ್ಲ. ವರ್ಷದ 50 ವಾರ ಅದು ನ್ಯಾಯವೇ. ಅಲ್ಲಿ ಹದ್ದುಗಳಲ್ಲದೆ ಯಾರೂ ಹಾರುವುದಿಲ್ಲ. ಉಳಿದೆರಡು ವಾರಗಳಲ್ಲಿ ಅದೇ ಆಕಾಶ ಪೇಟೆಯ ಚೌಕದಂತಾಗುತ್ತದೆ, ನಿಯಮ ಮಾತ್ರ ಬೆಟ್ಟದ ಕಾಲುದಾರಿಯದೇ ಆಗಿ ಉಳಿಯುತ್ತದೆ. ನಿಲ್ದಾಣ ಖಾಸಗಿಯದಾದ್ದರಿಂದ ಅಲ್ಲಿ ಇಳಿಯಲು ಪೂರ್ವಾನುಮತಿ ಬೇಕು. ಆ ಅನುಮತಿಗೆ ಒಂದು ಷರತ್ತನ್ನು ಸೇರಿಸಲು ಶಾಸನ ತಿದ್ದುವವರೆಗೆ ಕಾಯಬೇಕಾಗಿಲ್ಲ.

ಕಾಣದ ಎತ್ತರದ ಬೆಲೆಯೆಷ್ಟೆಂಬುದನ್ನು ಭಾರತ ಬಲ್ಲದು. 1996ರ ನವೆಂಬರ್ 12ರ ಸಂಜೆ ದಿಲ್ಲಿಯ ಪಶ್ಚಿಮಕ್ಕೆ ಚರಖಿ ದಾದ್ರಿಯ ಮೇಲೆ ಸೌದಿಯ ಬೋಯಿಂಗ್ ವಿಮಾನವೂ ಕಜಾಕಿಸ್ತಾನದ ಇಲ್ಯೂಶಿನ್ ವಿಮಾನವೂ ಡಿಕ್ಕಿ ಹೊಡೆದು 349 ಜನ ಸತ್ತರು. ಉಳಿದವರಿಲ್ಲ. ಬೋಯಿಂಗಿನಲ್ಲಿದ್ದವರಲ್ಲಿ ಬಹುಮಂದಿ ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟವರು; ನಮ್ಮ ವಾಚಕರಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟವರು. ಕಜಾಕ್ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಾಗಿದ್ದುದು ಅದಕ್ಕಿಂತ ಕೆಳಗಿಳಿದಿತ್ತು. ದಿಲ್ಲಿಯ ಅಂದಿನ ರಾಡಾರು ಎತ್ತರವನ್ನು ತೋರಿಸುತ್ತಿರಲಿಲ್ಲ. ಪೈಲಟನು ಹೇಳಿದ್ದೇ ಎತ್ತರ. ಡಿಕ್ಕಿ ತಡೆಯುವ ಯಂತ್ರವನ್ನು ದೊಡ್ಡ ವಿಮಾನಗಳಿಗೆ ಸರಕಾರ ಕಡ್ಡಾಯಗೊಳಿಸಿದ್ದು ಆ ದುರಂತದ ಅನಂತರ.

ಹಾಗೆಂದು ಯಂತ್ರವೊಂದಿದ್ದರೆ ಸಾಲದು. 2025ರ ಜನವರಿ 29ರಂದು ವಾಷಿಂಗ್ಟನ್ನಿನಲ್ಲಿ ಸೇನೆಯ ಹೆಲಿಕಾಪ್ಟರ್ ಪ್ರಯಾಣಿಕರ ವಿಮಾನಕ್ಕೆ ಬಡಿದು 67 ಜನ ಮಡಿದಾಗ, ಹೆಲಿಕಾಪ್ಟರಿನ ಎ.ಡಿ.ಎಸ್.-ಬಿ. ಏನನ್ನೂ ಸಾರುತ್ತಿರಲಿಲ್ಲ. ಮತ್ತೊಂದು ತೊಡಕೂ ಉಂಟು. ಅಮೇರಿಕಾದಲ್ಲಿ ಈ ಯಂತ್ರಗಳು 1090 ಮತ್ತು 978 ಮೆಗಾಹರ್ಟ್ಸ್ ಎಂಬ ಎರಡು ತರಂಗಗಳಲ್ಲಿ ಮಾತಾಡುತ್ತವೆ. ಒಂದನ್ನು ಸಾರುವವನನ್ನು ಇನ್ನೊಂದನ್ನಷ್ಟೇ ಕೇಳುವವನು ಕಾಣಲಾರ. ನಡುವೆ ದುಭಾಷಿಯಂತೆ ನೆಲದ ಕೇಂದ್ರವಿರಬೇಕು. ಬೆಟ್ಟಗಳ ನಡುವಣ ಬಯಲಿನಲ್ಲಿ ತಗ್ಗಿ ಹಾರುವವನ ಸಂಜ್ಞೆ ಆ ಕೇಂದ್ರಕ್ಕೆ ಮುಟ್ಟದೆಯೂ ಹೋಗಬಹುದು. ಆದಕಾರಣ ಷರತ್ತು ಸಾರುವ ಯಂತ್ರಕ್ಕೆ ನಿಲ್ಲದೆ, ಎರಡನ್ನೂ ಕೇಳುವ ಗ್ರಾಹಕಕ್ಕೂ ಅನ್ವಯಿಸಬೇಕು. ಖರ್ಚಿನ ಮಾತನ್ನು ಎತ್ತುವವರಿದ್ದಾರೆ. ಸ್ವಂತ ವಿಮಾನದಲ್ಲಿ ಜಾತ್ರೆಗೆ ಹೋಗುವವರ ಬಡತನವನ್ನು ಕುರಿತು ನಮಗೆ ಅಷ್ಟೊಂದು ಮರುಕವಿಲ್ಲ.

ವಿರುದ್ಧ ಪಕ್ಷದ ಬಲವಾದ ವಾದ ಬೇರೆ. ವಿಸ್ಕಾನ್ಸಿನ್ ಸಂಸ್ಥಾನದ ಆಶ್‌ಕಾಶ್‌ನಲ್ಲಿ ಪ್ರತಿ ಜುಲೈಯಲ್ಲಿ ನಡೆಯುವ ವಿಮಾನಮೇಳದ ವಾರದಲ್ಲಿ ಅಲ್ಲಿಗೂ ಸುತ್ತಣ ನಿಲ್ದಾಣಗಳಿಗೂ ಸುಮಾರು 10,000 ವಿಮಾನಗಳು ಬರುತ್ತವೆ. ರಾಡಾರಿನ ತೆರೆ ತುಂಬಿಹೋದೀತೆಂದು ಸಮೀಪಿಸುವವರಿಗೆ ಗುರುತಿನ ಯಂತ್ರವನ್ನು ಸುಮ್ಮನಿರಿಸಲು ಅನೇಕ ವರ್ಷ ಹೇಳಲಾಗುತ್ತಿತ್ತು. ನಿಯಂತ್ರಕರು ನೆಲದಲ್ಲಿ ನಿಂತು ದುರ್ಬೀನಿನಿಂದ ನೋಡಿ, ಬಣ್ಣ ಹೇಳಿ ಕರೆದು, ರೆಕ್ಕೆ ಅಲುಗಿಸಲು ಹೇಳಿ ಗುರುತಿಸುವರು. ನಿಜ, ಆದರೆ ಅಲ್ಲಿ ನುರಿತ ನಿಯಂತ್ರಕರ ಪಡೆಯೇ ಇರುತ್ತದೆ. ಬ್ಲ್ಯಾಕ್ ರಾಕಿನಲ್ಲಿ ಗೋಪುರವೇ ಇಲ್ಲ. ಮನುಷ್ಯನೂ ಇಲ್ಲದೆ ಯಂತ್ರವೂ ಇಲ್ಲದೆ ವಿಮಾನಗಳನ್ನು ಒಂದೆಡೆ ಗುಂಪುಗೂಡಿಸುವುದನ್ನು ಯಾವ ವಾದವೂ ಸಮರ್ಥಿಸದು.

ಅಮೇರಿಕಾದ ಮರುಭೂಮಿಯ ಗೊಡವೆ ನಮಗೇಕೆಂದು ಕೇಳುವವರು ಕೇದಾರವನ್ನು ನೆನೆಯಲಿ. ವರ್ಷದ ಸುಮಾರು ಅರ್ಧಕಾಲ ಹಿಮದಲ್ಲಿ ಮುಚ್ಚಿರುವ, 11,500 ಅಡಿಗೂ ಮಿಕ್ಕ ಎತ್ತರದ ಆ ಕ್ಷೇತ್ರಕ್ಕೆ ಯಾತ್ರೆಯ ತಿಂಗಳುಗಳಲ್ಲಿ ಗುಪ್ತಕಾಶಿ, ಫಾಟಾ, ಸಿರ್ಸಿಗಳಿಂದ ಹೆಲಿಕಾಪ್ಟರುಗಳು ಒಂದೇ ಇಕ್ಕಟ್ಟಾದ ಕಣಿವೆಯಲ್ಲಿ ಹೋಗಿ ಬರುತ್ತವೆ. ಊರಿನ ಮುದಿ ತಂದೆತಾಯಿಗಳಿಗೆ ಈ ಟಿಕೀಟು ಕೊಡಿಸಬೇಕೆಂದು ಸಂಬಳದಲ್ಲಿ ಉಳಿಸುವವರು ನಮ್ಮಲ್ಲೂ ಇದ್ದಾರೆ. 2025ರ ಜೂನ್ 15ರ ಬೆಳಗ್ಗೆ ಕೇದಾರದಿಂದ ಮರಳುತ್ತಿದ್ದ ಹೆಲಿಕಾಪ್ಟರ್ ಗೌರೀಕುಂಡದ ಬಳಿ ಬಿದ್ದು, ಪೈಲಟನೂ ಒಂದು ಮಗುವೂ ಸೇರಿ 7 ಮಂದಿ ಮೃತರಾದರು. ಅದು ಎರಡು ಹೆಲಿಕಾಪ್ಟರುಗಳ ಡಿಕ್ಕಿಯಲ್ಲ. ಮೋಡವನ್ನು ಯಾವ ಎ.ಡಿ.ಎಸ್.-ಬಿ.ಯೂ ಚದುರಿಸಲಾರದು. ಆದರೆ ಹಾರಿದ್ದು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದನ್ನು ಕ್ಷಣಕ್ಷಣಕ್ಕೂ ನೋಡುವವನಿದ್ದರೆ, ಮುಂದಿನದನ್ನು ನೆಲದಲ್ಲೇ ತಡೆಯಬಹುದು, ಬಿದ್ದುದನ್ನು ಬೇಗ ಹುಡುಕಬಹುದು. ಟಿಕೀಟು ಮಾರುವವರು ದರದ ಜೊತೆಗೆ ಇದನ್ನೂ ಅಚ್ಚು ಹಾಕಲಿ: ಈ ಹೆಲಿಕಾಪ್ಟರಿನಲ್ಲಿ ನೆಲೆ ಸಾರುವ ಯಂತ್ರ ಇದೆಯೇ, ಅದನ್ನು ನೋಡುತ್ತ ಕುಳಿತವರು ಯಾರು.